ಗಾಲಿಯ ಮನೆಯೂ ಪರರ ಕಣ್ಣೂ

ಮನುಷ್ಯನ ಅಭಿರುಚಿಯು ಅವನಿಗೇ ಸೇರಿದುದೋ, ಅಥವಾ ಅವನನ್ನು ನೋಡತಕ್ಕವರಿಗೆ ಸೇರಿದುದೋ ಎಂಬ ಪ್ರಶ್ನೆಯು ಹಳೆಯದು. ಅದನ್ನು ವಿಚಾರಿಸುವುದಕ್ಕೆ ಅಮೆರಿಕಾ ದೇಶದ ಸಂಚಾರಿ ಗೃಹಗಳು ತಕ್ಕ ನಿದರ್ಶನವಾಗಿವೆ. ಮಂಚ, ಒಲೆ, ಬಚ್ಚಲು ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಓಡುವ ಈ ವಾಹನಗಳನ್ನು ಅಲ್ಲಿಯವರು ‘ರಿಕ್ರಿಯೇಷನಲ್ ವೆಹಿಕಲ್’ ಎಂದೂ, ಸಂಕ್ಷೇಪವಾಗಿ ‘ಆರ್.ವಿ.’ ಎಂದೂ ಕರೆಯುವರು. ವಿನೋದಾರ್ಥವಾಗಿ ಕೊಂಡ ವಸ್ತುವಿಗಾದರೂ ಮನುಷ್ಯನು ತನಗೊಪ್ಪುವ ಬಣ್ಣವನ್ನು ನಿಸ್ಸಂಕೋಚವಾಗಿ ಬಳಿದಾನೆಂದು ನಾವು ಊಹಿಸುವುದು ಸಹಜ. ನಡೆದುಬಂದಿರುವುದು ಬೇರೆ. ದಶಕಗಳ ಕಾಲ ಇವುಗಳಲ್ಲಿ ಬಹುಭಾಗವು ಬಿಳಿಯ ಅಥವಾ ಗೋಧಿಬಣ್ಣದ ಮೈಯ ಮೇಲೆ ಕಂದು, ಬೂದು ಬಣ್ಣದ ಸುಳಿಪಟ್ಟೆಗಳನ್ನು ಅಂಟಿಸಿಕೊಂಡು ಒಂದೇ ತಾಯಿಯ ಮಕ್ಕಳಂತೆ ಹೊರಬಂದಿವೆ. ಒಳಗಿನ ಅಲಂಕಾರವೂ ಹಾಗೆಯೇ. 1970ರ ದಶಕದಲ್ಲಿ ಬೆಣ್ಣೆಹಣ್ಣಿನ ಹಸುರು, ಮಾಗಿದ ತೆನೆಯ ಹಳದಿ. ಈಚಿನ ವರ್ಷಗಳಲ್ಲಿ ಎಲ್ಲಿ ನೋಡಿದರೂ ಬಿಳುಪು ಮತ್ತು ಬೂದು.

ಇದಕ್ಕೆ ಕಾರಣವನ್ನು ತಯಾರಕರಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. ಕೊಳ್ಳುವವನ ಮನಸ್ಸಿನಲ್ಲಿ ಇನ್ನೊಬ್ಬನು ಬಂದು ಕುಳಿತಿರುತ್ತಾನೆ. ಅವನೇ ಮುಂದಿನ ಖರೀದಿದಾರ. ‘ಕೆಂಪು ಬಳಿದರೆ ನಾಳೆ ಮಾರುವಾಗ ಗಿರಾಕಿ ಸಿಕ್ಕಿಯಾನೇ?’ ಎಂಬುದೇ ಶಂಕೆ. ಆ ಪುರುಷನ ಮುಖವನ್ನು ಕಂಡವರಿಲ್ಲ. ಆತನ ರುಚಿಯನ್ನು ಕೇಳಿದವರಿಲ್ಲ. ಆದರೂ ಆತನಿಗೆ ಹಿಡಿಸದೆ ಹೋದೀತೆಂದು ಮನೆಯಾಕೆಯು ತನಗೆ ಪ್ರಿಯವಾದ ಹೂವಿನ ಪರದೆಯನ್ನು ಮಡಿಸಿಡುವಳು.

ಇದು ವಿವೇಕವಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ವೃದ್ಧ ದಂಪತಿಗಳಿಗೆ ಎಷ್ಟೋ ವೇಳೆ ಈ ವಾಹನವೇ ಉಳಿದಿರುವ ಏಕಮಾತ್ರ ಆಸ್ತಿ. ಅದರ ಬೆಲೆಯನ್ನು ಕಾಯುವುದು ಗೃಹಸ್ಥನ ಧರ್ಮವೇ ಸರಿ. ಇಷ್ಟನ್ನು ನಾನೂ ಒಪ್ಪುವೆನು. ಆದರೆ ಇಲ್ಲೊಂದು ತೊಡಕುಂಟು. ಆ ಮುಂದಿನವನೂ ಬೂದುಬಣ್ಣವನ್ನು ಬಯಸುವುದು ತನಗಾಗಿ ಅಲ್ಲ, ತನ್ನ ಮುಂದಿನವನಿಗಾಗಿ. ಆ ಮೂರನೆಯವನು ನಾಲ್ಕನೆಯವನಿಗಾಗಿ. ನಮ್ಮ ನೈಯಾಯಿಕರು ಇದನ್ನು ಅನವಸ್ಥಾದೋಷವೆಂದು ಕರೆದಾರು. ಭೋಗ್ಯವಸ್ತುವು ಎದುರಿಗೇ ಇದೆ, ಭೋಕ್ತೃವು ಮಾತ್ರ ಎಲ್ಲಿಯೂ ಸಿಕ್ಕುವುದಿಲ್ಲ. ಯಾರೊಬ್ಬರಿಗೂ ನಿಜವಾಗಿ ಇಷ್ಟವಾಗಿರದ ಬಣ್ಣವೊಂದು ಎಲ್ಲರ ಮೇಲೂ ಅಧಿಕಾರ ನಡೆಸುವುದು ಹೀಗೆ.

ಬಣ್ಣವಿಲ್ಲದೆಯೇ ಚೆಲುವನ್ನು ಸಾಧಿಸಿದವರೂ ಉಂಟು. ವಾಲಿ ಬೈಯಮ್ ಎಂಬಾತನು 1936ರಲ್ಲಿ ಹೊರತಂದ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಎಂಬ ಎಳೆಬಂಡಿಯು, ವಿಮಾನದ ಒಡಲನ್ನು ಕಟ್ಟುವ ಕ್ರಮದಲ್ಲಿ ಅಲ್ಯೂಮಿನಿಯಂ ತಗಡುಗಳಿಗೆ ರಿವೆಟ್ ಹೊಡೆದು ಮಾಡಿದುದು. ತೂಕ ಕಡಮೆ, ಗಾಳಿಯ ತಡೆ ಕಡಮೆ, ಹೊಳಪು ಲೋಹದ್ದೇ. ಕ್ಷೇಮೇಂದ್ರನು ಕಾವ್ಯದ ಜೀವವೆಂದು ಹೇಳಿದ ಔಚಿತ್ಯವು ಈ ಬಂಡಿಯಲ್ಲಿಯೂ ಕಾಣಿಸುವುದೆಂದರೆ ಅತಿಶಯೋಕ್ತಿಯಾಗಲಾರದು. ಇದಕ್ಕೆ ವಿರುದ್ಧವಾಗಿ ಕೆನ್ ಕೀಸಿ ಎಂಬ ಕಾದಂಬರಿಕಾರನು 1964ರಲ್ಲಿ, 1939ರ ಹಳೆಯ ಶಾಲಾ ಬಸ್ಸೊಂದಕ್ಕೆ ಗೆಳೆಯರೊಡನೆ ಸಿಕ್ಕಸಿಕ್ಕ ಬಣ್ಣಗಳನ್ನೆಲ್ಲ ಬಳಿದು, ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಪಯಣ ಬೆಳೆಸಿದನು. ನನ್ನ ಕಣ್ಣಿಗೆ ಅದು ಓಕುಳಿಯ ಮರುದಿನದ ಗೋಡೆಯಂತೆ ತೋರುವುದು. ಹಾಗಿದ್ದರೂ ಅದು ಬಳಿದವನ ಬಣ್ಣ, ಗಿರಾಕಿಯದಲ್ಲ.

ಮುಂದಿನ ಖರೀದಿದಾರನೇ ಇಲ್ಲದಿದ್ದರೆ ಅಭಿರುಚಿಯು ಹೇಗಿದ್ದೀತೆಂಬುದಕ್ಕೆ ಇಂಗ್ಲೆಂಡಿನ ರೋಮಾನಿ ಜನರ ಕುದುರೆಬಂಡಿಗಳನ್ನು ನೋಡಬೇಕು. ಇತರರು ‘ಜಿಪ್ಸಿ’ಗಳೆಂದು ಕರೆದ ಇವರ ಪೂರ್ವಿಕರು ಭರತಖಂಡದಿಂದ ಹೊರಟವರೆಂಬುದನ್ನು ಅವರ ನುಡಿಯೇ ಸಾರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರು ‘ವಾರ್ಡೋ’ ಎಂಬ ಬಂಡಿಯನ್ನೇ ಮನೆ ಮಾಡಿಕೊಂಡಿದ್ದರು. ರೆಡಿಂಗ್ ಪಟ್ಟಣದ ಡಂಟನ್ ಮನೆತನದವರು ಇಂಥ ಬಂಡಿಗಳ ಕೆಲಸಕ್ಕೆ ಹೆಸರಾದವರು. ಕೆಂಪು, ಹಸುರು, ಹಳದಿ. ಕೆತ್ತಿದ ಬಳ್ಳಿ, ಹಣ್ಣು, ಕುದುರೆ. ಕೆತ್ತನೆಯ ಮೇಲೆ ಬಂಗಾರದ ರೇಕು. ಒಳಗೆ ಸಣ್ಣ ಕಬ್ಬಿಣದ ಒಲೆ, ಕೊರೆದ ಗಾಜಿನ ಕನ್ನಡಿ, ಮನೆಯಾಕೆಯ ಪಿಂಗಾಣಿ. ಒಡೆಯನು ತೀರಿಕೊಂಡರೆ ಆತನ ಬಂಡಿಯನ್ನು ಸಾಮಾನುಗಳ ಸಹಿತ ಸುಟ್ಟುಬಿಡುವುದು ಅನೇಕ ಕುಟುಂಬಗಳಲ್ಲಿ ರೂಢಿಯಾಗಿತ್ತು. ಲೆಕ್ಕ ಬಲ್ಲವರು ಇದನ್ನು ದುರ್ವ್ಯಯವೆನ್ನುವರು. ಆದರೆ ಬದುಕಿರುವಷ್ಟು ಕಾಲ ಆ ಬಂಡಿಗೆ ಭೋಕ್ತೃವೊಬ್ಬನಿದ್ದನಲ್ಲ! ಬೂದುಬಣ್ಣದ ಬೆಲೆಬಾಳುವ ವಾಹನಕ್ಕೆ ಆ ಭಾಗ್ಯವುಂಟೇ?

ಇಷ್ಟೇ ಆಗಿದ್ದಲ್ಲಿ ಇದು ಸೌಂದರ್ಯದ ಜಿಜ್ಞಾಸೆಯಾಗಿ ಮುಗಿಯುತ್ತಿತ್ತು. ಆದರೆ ಹೊರಮೈಯ ಬಣ್ಣವು ಮನುಷ್ಯನ ಯೋಗ್ಯತೆಯ ಅಳತೆಗೋಲಾದಾಗ ವಿಷಯವು ಧರ್ಮವಿಚಾರಕ್ಕೆ ಬರುತ್ತದೆ. ಅಮೆರಿಕಾದ ಖಾಸಗಿ ತಂಗುದಾಣಗಳಲ್ಲಿ ಹಲವು ‘ಹತ್ತು ವರ್ಷದ ನಿಯಮ’ವೆಂಬುದನ್ನು ಇಟ್ಟುಕೊಂಡಿವೆ. ಹತ್ತು ವರ್ಷಕ್ಕಿಂತ ಹಳೆಯದಾದ ವಾಹನಕ್ಕೆ ಪ್ರವೇಶವಿಲ್ಲ. ಅಥವಾ ಅದರ ಭಾವಚಿತ್ರವನ್ನು ಮುಂದಾಗಿ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಬಿಸಿಲಿಗೆ ಅಂಟುಪಟ್ಟೆಗಳು ಬಿರಿಯುವುದೂ ಮೈಯ ಹೊಳಪು ಸುಣ್ಣದ ಪುಡಿಯಂತಾಗುವುದೂ ಪದಾರ್ಥಗಳ ಸ್ವಭಾವ. ವಿನೋದಕ್ಕಾಗಿ ಬಂದವನಿಗೆ ಇದರಿಂದ ಒಂದು ರಾತ್ರಿಯ ತೊಂದರೆ. ಬಾಡಿಗೆ ತೆರಲಾರದೆ ಆ ಹಳೆಯ ವಾಹನದಲ್ಲಿಯೇ ವರ್ಷವಿಡೀ ಬಾಳುವವರ ಪಾಡೇನು? ಅಂಥವರು ಅಲ್ಲಿ ಕಡಮೆಯಿಲ್ಲ.

ರೋಮಾನಿಗಳ ಚಿತ್ತಾರದ ಬಂಡಿಗಳಿಗೆ ಇಂದು ವಸ್ತುಸಂಗ್ರಹಾಲಯಗಳಲ್ಲಿ ಸ್ಥಳವುಂಟು. ಆ ಜನರಿಗೆ ತಂಗುವ ಸ್ಥಳವನ್ನು ಒದಗಿಸಬೇಕೆಂದು 1968ರ ಇಂಗ್ಲೆಂಡಿನ ಶಾಸನವು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದ ಹೊಣೆಯನ್ನು ಮಾತ್ರ 1994ರಲ್ಲಿ ತೆಗೆದುಹಾಕಲಾಯಿತು. ಬಣ್ಣವನ್ನು ಮೆಚ್ಚಿ, ಬಳಿದವನನ್ನು ದೂಡುವುದು ಯಾವ ರಸಿಕತೆಯೋ ನನಗೆ ತಿಳಿಯದು.

ದಾರಿಹೋಕನ ಕಣ್ಣಿಗೂ ಹಕ್ಕುಂಟು, ನೆರೆಯವನ ಹಿತವನ್ನೂ ನೋಡಬೇಕು ಎಂದು ಹೇಳುವರು. ನಿಜವೇ. ಹಾಗಾದರೆ ತಂಗುದಾಣದ ಯಜಮಾನನು ಅನಿಲದ ನಳಿಕೆ ಸೋರುವುದೇ ಎಂದು ಪರೀಕ್ಷಿಸಲಿ. ಮಲಿನ ನೀರು ನೆಲಕ್ಕೆ ಬೀಳುವುದೇ ಎಂದು ಬಗ್ಗಿ ನೋಡಲಿ. ವಿದ್ಯುತ್ತಿನ ತಂತಿಯನ್ನು ನೋಡಲಿ. ಇವುಗಳಲ್ಲಿ ಒಂದಾದರೂ ಭಾವಚಿತ್ರದಲ್ಲಿ ಕಾಣಿಸುವುದಿಲ್ಲ.