ಕೊಸರು ಯಾರದು? ಕ್ರೆಡಿಟ್ ಕಾರ್ಡಿನ ಪಾಯಿಂಟುಗಳು ಮತ್ತು ಶ್ರಾವಕನ ಅಚೌರ್ಯವ್ರತ

ಹಣ ತೆರದೆಯೇ ಪ್ರವಾಸ ಹೋಗಿಬಂದೆವೆಂದು ಹೇಳುವವರ ಸಂಖ್ಯೆ ಈಚೆಗೆ ನಮ್ಮ ಸಮಾಜದಲ್ಲಿಯೂ ಬೆಳೆಯುತ್ತಿದೆ. ವರ್ಷವಿಡೀ ಕ್ರೆಡಿಟ್ ಕಾರ್ಡಿನಿಂದ ಮಾಡಿದ ಖರ್ಚಿಗೆ ಪ್ರತಿಯಾಗಿ ಬ್ಯಾಂಕು ಬರೆದುಕೊಂಡ ಪಾಯಿಂಟುಗಳನ್ನು ಕೂಡಿಟ್ಟು, ಅವುಗಳನ್ನು ವಿಮಾನ ಸಂಸ್ಥೆಯ ಮೈಲುಗಳಾಗಿ ಮಾರ್ಪಡಿಸಿ, ಗೋವೆಗೋ ದುಬೈಗೋ ಸಂಸಾರಸಮೇತ ಹೋಗಿಬರುವುದು ಪಟ್ಟಣದ ಕುಟುಂಬಗಳಲ್ಲಿ ರೂಢಿಯಾಗಿದೆ. ಕಲಬುರಗಿ, ಸೊಲ್ಲಾಪುರ, ಬೆಂಗಳೂರುಗಳಲ್ಲಿ ನೌಕರಿಗೆ ನಿಂತ ಮಕ್ಕಳ ಮೂಲಕ ಈ ಪದ್ಧತಿಯು ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೂ, ಮಟಕಿಯಂತಹ ಹಳ್ಳಿಗಳಿಗೂ ಬರತಕ್ಕದ್ದೇ. ಆದಕಾರಣ ಇದನ್ನು ಧರ್ಮದೃಷ್ಟಿಯಿಂದ ಈಗಲೇ ವಿಚಾರಿಸುವುದು ಯುಕ್ತವೆಂದು ತೋರುತ್ತದೆ. ಪ್ರವಾಸವು ಸರಿಯೋ ತಪ್ಪೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಪುಕ್ಕಟೆಯೆಂದು ನಾವು ಸ್ವೀಕರಿಸಿದ ವಸ್ತುವನ್ನು ನಮಗೆ ಕೊಟ್ಟವರು ಯಾರು? ಅವರು ತಿಳಿದು ಕೊಟ್ಟರೇ, ತಿಳಿಯದೆ ಕೊಟ್ಟರೇ? ಪ್ರಶ್ನೆ ಇಷ್ಟೇ.

ನಮ್ಮ ಕಡೆಯ ಸಂತೆಗಳಲ್ಲಿ ತೊಗರಿಬೇಳೆಯನ್ನು ಅಳೆದು ಕೊಟ್ಟ ಮೇಲೆ ಅಂಗಡಿಕಾರನು ಇನ್ನೊಂದು ಹಿಡಿ ಬೇಳೆಯನ್ನು ಚೀಲಕ್ಕೆ ಹಾಕುವುದುಂಟು. ಅದನ್ನು ನಾವು ಕೊಸರು ಎನ್ನುತ್ತೇವೆ. ಕೊಸರು ಕೇಳುವುದನ್ನು ಯಾರೂ ಲೋಭವೆಂದು ಹಳಿಯಲಿಲ್ಲ. ಏಕೆಂದರೆ ಆ ಬೇಳೆ ಅಂಗಡಿಕಾರನದು, ಆ ಕೈಯೂ ಅವನದು, ಕೊಡುವ ಮನಸ್ಸೂ ಅವನದು. ಕೊಳ್ಳುವವನು ಅದನ್ನು ಕಣ್ಣಾರೆ ಕಾಣುತ್ತಾನೆ. ಈಗ ಇನ್ನೊಂದು ಬಗೆಯ ಕೊಸರನ್ನು ಊಹಿಸಿಕೊಳ್ಳಿರಿ. ಅಂಗಡಿಕಾರನ ಬೆನ್ನ ಹಿಂದೆ ನಿಂತ ಮೂರನೆಯವನೊಬ್ಬನು ಅಂಗಡಿಕಾರನದೇ ಚೀಲದಿಂದ ಎರಡು ಹಿಡಿ ತೆಗೆದು, ಒಂದನ್ನು ತಾನಿಟ್ಟುಕೊಂಡು ಮತ್ತೊಂದನ್ನು ನಮಗೆ ಹಾಕಿ, ಇದು ನನ್ನ ಕೊಡುಗೆ ಎನ್ನುತ್ತಾನೆ. ಕಾರ್ಡಿನ ಪಾಯಿಂಟು ಬಹುಮಟ್ಟಿಗೆ ಈ ಎರಡನೆಯ ಜಾತಿಯ ಕೊಸರು.

ಅದರ ಕ್ರಮ ಹೀಗಿದೆ. ನಾವು 1,000 ರೂಪಾಯಿಯ ಸಾಮಾನನ್ನು ಕ್ರೆಡಿಟ್ ಕಾರ್ಡಿನಿಂದ ಕೊಂಡರೆ ವರ್ತಕನಿಗೆ ಪೂರ್ತಿ 1,000 ಸೇರುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಒಂದೂವರೆಯಿಂದ ಎರಡು ರೂಪಾಯಿ, ಕೆಲವೆಡೆ ಅದಕ್ಕೂ ಹೆಚ್ಚು, ಶುಲ್ಕವಾಗಿ ಕಡಿತವಾಗುತ್ತದೆ. ಅದರ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಆ ಪಾಲಿನ ಒಂದು ಭಾಗವೇ ಪಾಯಿಂಟಾಗಿ ನಮ್ಮ ಲೆಕ್ಕಕ್ಕೆ ಬರುತ್ತದೆ. ಹಾನಿಯನ್ನು ತುಂಬಿಕೊಳ್ಳಲು ವರ್ತಕನು ಬೆಲೆಯನ್ನು ತುಸು ಏರಿಸುತ್ತಾನೆ. ಏರಿದ ಬೆಲೆಯನ್ನು ಕಾರ್ಡಿದ್ದವನೂ ಕೊಡುತ್ತಾನೆ, ಕಾರ್ಡಿಲ್ಲದೆ ರೊಕ್ಕ ಎಣಿಸಿಕೊಡುವ ಕೂಲಿಯವನೂ ಕೊಡುತ್ತಾನೆ. ಪಾಯಿಂಟು ಮಾತ್ರ ಮೊದಲನೆಯವನಿಗೆ. ಅಮೆರಿಕದ ಬಾಸ್ಟನ್ ನಗರದ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಲೆಕ್ಕ ಹಾಕಿದರು. ಆ ದೇಶದಲ್ಲಿ ನಗದು ಬಳಸುವ ಕುಟುಂಬವೊಂದು ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡು ಬಳಸುವವರಿಗೆ ತನಗರಿವಿಲ್ಲದೆ ಒಪ್ಪಿಸುತ್ತಿದೆಯೆಂದೂ, ಕಾರ್ಡು ಬಳಸುವ ಕುಟುಂಬಕ್ಕೆ 1,133 ಡಾಲರು ಒದಗುತ್ತಿದೆಯೆಂದೂ ಅವರ ಅಂದಾಜು. ನಮ್ಮ ದೇಶದ ಸ್ಥಿತಿ ಅಷ್ಟು ಕಠೋರವಾಗಿಲ್ಲ. 2020ರ ಜನವರಿ 1ರಿಂದ ಬ್ಯಾಂಕ್ ಖಾತೆಯ ಯುಪಿಐ ಪಾವತಿಗೂ ರೂಪೇ ಡೆಬಿಟ್ ಕಾರ್ಡಿಗೂ ವರ್ತಕನಿಂದ ಶುಲ್ಕ ಪಡೆಯುವಂತಿಲ್ಲವಾದ್ದರಿಂದ ಹಳ್ಳಿಯ ಕಿರಾಣಿ ಅಂಗಡಿಯವನು ಈ ಕಡಿತದಿಂದ ಬಹಳಷ್ಟು ಪಾರಾಗಿದ್ದಾನೆ. ಆದರೆ ಕ್ರೆಡಿಟ್ ಕಾರ್ಡು ನಡೆಯುವಲ್ಲೆಲ್ಲ ನಿಯಮ ಹಳೆಯದೇ.

ಕೊಸರಿನ ಎರಡನೆಯ ಮೂಲವು ಇನ್ನೂ ಕಹಿಯಾದುದು. ತಿಂಗಳ ಬಾಕಿಯನ್ನು ಪೂರ್ತಿ ತೀರಿಸದವನಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3ರಿಂದ 3.75ರ ವರೆಗೆ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇಕಡಾ 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ರದ್ದುಗೊಳಿಸಿತು. ಬಡ್ಡಿಯ ಗಣಿತ ನಮ್ಮವರಿಗೆ ಹೊಸದಲ್ಲ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಬಿಡಿಸಿ ತೋರಿಸಿದ್ದಾರೆ. ಅಂತಹ ಪರಂಪರೆಯವರು ಈ ಸಣ್ಣ ಲೆಕ್ಕವನ್ನು ಮಾಡದಿರಲು ಕಾರಣವಿಲ್ಲ. 50,000 ರೂಪಾಯಿ ಬಾಕಿ ಉಳಿಸಿಕೊಂಡವನು ಶೇಕಡಾ 3.5ರಂತೆ ಒಂದೇ ತಿಂಗಳಿಗೆ 1,750 ರೂಪಾಯಿ ಬಡ್ಡಿ ತೆರುತ್ತಾನೆ. ಅಷ್ಟೇ ಖರ್ಚನ್ನು ಮಾಡಿ ಸಕಾಲಕ್ಕೆ ತೀರಿಸಿದವನಿಗೆ ನೂರಕ್ಕೆ ಒಂದರಂತೆ 500 ರೂಪಾಯಿಯ ಪಾಯಿಂಟು ದೊರೆಯುತ್ತದೆ. ಬ್ಯಾಂಕಿನ ಉದಾರತೆಗೆ ಮೊದಲನೆಯವನ ಕಷ್ಟವೂ ಆಧಾರವೆಂಬುದನ್ನು ಮರೆಯಲಾಗದು. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಮೂರು ದ್ವಾರಗಳನ್ನು ಆಚಾರ್ಯರು ಹೇಳಿದ್ದಾರೆ. ನಾವು ಯಾರನ್ನೂ ಸಾಲಕ್ಕೆ ತಳ್ಳಲಿಲ್ಲ, ತಳ್ಳಿಸಲೂ ಇಲ್ಲ. ಮೂರನೆಯ ದ್ವಾರದಲ್ಲಿ ಮಾತ್ರ ನಾವು ಅಷ್ಟು ಧೈರ್ಯದಿಂದ ನಿಲ್ಲಲಾರೆವು.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ನಾನು ಪಾಯಿಂಟನ್ನು ತೊರೆದರೆ ಅದು ಕೂಲಿಯವನಿಗಾಗಲಿ ಸಾಲಗಾರನಿಗಾಗಲಿ ಹಿಂದಿರುಗುವುದಿಲ್ಲ, ಬ್ಯಾಂಕಿನಲ್ಲಿಯೇ ಉಳಿಯುತ್ತದೆ. ಹೀಗಿರುವಲ್ಲಿ ತೊರೆದು ಸಾಧಿಸಿದ್ದೇನು? ಈ ಮಾತು ನಿಜ. ಅಚೌರ್ಯವೆಂದರೆ ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಇಲ್ಲಿ ಬ್ಯಾಂಕು ಒಪ್ಪಂದದ ಪ್ರಕಾರ ಕೊಡುತ್ತಿದೆ. ಆದುದರಿಂದ ತನ್ನ ದುಡಿಮೆಯ ಹಣವನ್ನು ತನ್ನ ಮನೆಯ ಅಗತ್ಯಕ್ಕೆ ಕಾರ್ಡಿನಿಂದ ಖರ್ಚು ಮಾಡಿ, ಬಾಕಿಯನ್ನು ತಪ್ಪದೆ ತೀರಿಸಿ, ಬಂದ ಪಾಯಿಂಟಿನಿಂದ ರೈಲಿನದೋ ವಿಮಾನದದೋ ಟಿಕೆಟು ಪಡೆದ ಗೃಹಸ್ಥನನ್ನು ಚೋರನೆನ್ನಲು ಈ ಲೇಖಕನು ಸಿದ್ಧನಿಲ್ಲ. ಆತನು ಪಕ್ಕದ ಬೀದಿಯ ಸಣ್ಣ ಅಂಗಡಿಯಲ್ಲಾದರೂ ಕಾರ್ಡನ್ನು ಮುಂದೆ ಮಾಡದೆ ನಗದನ್ನೋ ಖಾತೆಯ ಯುಪಿಐಯನ್ನೋ ಬಳಸಿದರೆ ಪರಪೀಡೆ ಅಷ್ಟರಮಟ್ಟಿಗೆ ಕಡಿಮೆ.

ಆದರೆ ಪಾಯಿಂಟು ಅಗತ್ಯವನ್ನು ಅನುಸರಿಸುವ ಬದಲು ಅಗತ್ಯವೇ ಪಾಯಿಂಟನ್ನು ಅನುಸರಿಸಲು ತೊಡಗಿದರೆ ಮಾತು ಬೇರೆ. ವರ್ಷದೊಳಗೆ ಇಷ್ಟು ಲಕ್ಷ ಖರ್ಚಾದರೆ ಇಷ್ಟು ಹೆಚ್ಚುವರಿ ಮೈಲು ಎಂಬ ಆಮಿಷಕ್ಕೆ ಮಾರ್ಚ್ ತಿಂಗಳಲ್ಲಿ ಬೇಡದ ಸಾಮಾನನ್ನು ಕೊಳ್ಳುವವರಿದ್ದಾರೆ. ಅಮೆರಿಕದ ಸರ್ಕಾರಿ ಟಂಕಸಾಲೆಯು ಒಂದು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ತರಲು ಅಂಚೆ ವೆಚ್ಚವಿಲ್ಲದೆ ಮನೆಗೆ ಕಳಿಸುತ್ತಿದ್ದಾಗ, ಮೈಲುಪ್ರಿಯರು ಅವನ್ನು ಕ್ರೆಡಿಟ್ ಕಾರ್ಡಿನಿಂದ ಪೆಟ್ಟಿಗೆಗಟ್ಟಲೆ ತರಿಸಿ, ನೇರವಾಗಿ ಬ್ಯಾಂಕಿಗೆ ಒಯ್ದು ಜಮಾ ಮಾಡಿ, ಆ ಹಣದಿಂದಲೇ ಕಾರ್ಡಿನ ಬಾಕಿ ತೀರಿಸಿ, ಮೈಲುಗಳನ್ನು ಮಾತ್ರ ಉಳಿಸಿಕೊಂಡರು. 2011ರ ಜುಲೈಯಲ್ಲಿ ಟಂಕಸಾಲೆಯು ಈ ಮಾರಾಟಕ್ಕೆ ಕಾರ್ಡನ್ನು ನಿಲ್ಲಿಸಬೇಕಾಯಿತು. ಕಾನೂನಿನ ಒಂದಕ್ಷರವೂ ಇಲ್ಲಿ ಮುರಿಯಲಿಲ್ಲ. ಆದರೂ ಅದು ವ್ಯಾಪಾರದ ವೇಷ ಹಾಕಿದ ಅವ್ಯಾಪಾರವೇ. ನಮ್ಮಲ್ಲಿ ಬಂಧುವಿಗೆ ಇಲ್ಲದ ಬಾಡಿಗೆಯನ್ನು ಕಾರ್ಡಿನಿಂದ ಕೊಟ್ಟಂತೆ ತೋರಿಸಿ ಹಣವನ್ನು ಹಿಂದೆ ಪಡೆಯುವವರೂ ಇದೇ ಸಾಲಿನವರು, ಮತ್ತು ಸುಳ್ಳು ದಾಖಲೆಯ ಕಾರಣದಿಂದ ಒಂದು ಹೆಜ್ಜೆ ಮುಂದಿನವರು. ಇಷ್ಟು ಶ್ರಮದಿಂದ ಕೂಡಿಟ್ಟದ್ದಾದರೂ ಸ್ಥಿರವೇ? ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಮೈಲುಗಳನ್ನು ಹಿಡಿದು ಏರಲು ವಿಮಾನವೇ ಇರಲಿಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದಿಗ್ವ್ರತವನ್ನು ಹೇಳುವಾಗ ನದಿ, ಪರ್ವತ, ಸಮುದ್ರಗಳನ್ನು ಗಡಿಯಾಗಿಟ್ಟುಕೊಂಡು ಇದರಾಚೆ ಹೋಗೆನೆಂದು ಶ್ರಾವಕನು ಸಂಕಲ್ಪಿಸಬೇಕೆಂದು ವಿಧಿಸಿದ್ದಾರೆ. ಒಂದು ದಿಕ್ಕಿನ ಮಿತಿಯಿಂದ ಕಡಿಮೆ ಮಾಡಿ ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವುದನ್ನು ಕ್ಷೇತ್ರವೃದ್ಧಿಯೆಂಬ ಅತಿಚಾರವೆಂದು ಎಣಿಸಲಾಗಿದೆ. ಒಂದು ಖಾತೆಯ ಮೈಲನ್ನು ಮತ್ತೊಂದು ಖಾತೆಗೆ ವರ್ಗಾಯಿಸಿ ದೂರದ ದೇಶವನ್ನು ನೋಡಿಬರುವ ಚಾತುರ್ಯವನ್ನು ಆಚಾರ್ಯರು ಅಂದೇ ಕಂಡಿದ್ದರೇನೋ ಎನಿಸುತ್ತದೆ. ನಮ್ಮ ಮುನಿಗಳು ಚಾತುರ್ಮಾಸ ಮುಗಿದೊಡನೆ ನೂರಾರು ಮೈಲು ಬರಿಗಾಲಲ್ಲಿ ವಿಹರಿಸುತ್ತಾರೆ; ಆ ಮೈಲುಗಳಿಗೆ ಯಾವ ಖಾತೆಯೂ ಇಲ್ಲ.

ಇಷ್ಟು ಸ್ವಂತ ಖರ್ಚಿನ ವಿಷಯ. ಈ ಲೇಖನಕ್ಕೆ ನಿಜವಾದ ಪ್ರೇರಣೆ ಬೇರೆ: ದಾನದ ಹಣ ಮತ್ತು ಬಸದಿಯ ಹಣ.

ಭಕ್ತನೊಬ್ಬನು ಜೀರ್ಣೋದ್ಧಾರಕ್ಕೆ 1,00,000 ರೂಪಾಯಿಯನ್ನು ಕ್ರೆಡಿಟ್ ಕಾರ್ಡಿನಿಂದ ಅರ್ಪಿಸಿದನೆನ್ನಿ. ಶುಲ್ಕ ಶೇಕಡಾ 2 ಎಂದಿಟ್ಟುಕೊಂಡರೆ 2,000 ರೂಪಾಯಿ, ಆ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿ 360. ಟ್ರಸ್ಟಿಗೆ ಸೇರಿದ್ದು 97,640. ಕಡಿತವಾದ ಹಣದ ಒಂದು ತುಣುಕು ಸುತ್ತಿ ಬಳಸಿ ದಾನಿಯ ಖಾತೆಗೇ ಪಾಯಿಂಟಾಗಿ ಮರಳಿತು. ಶಿಲಾಫಲಕದ ಮೇಲೆ ಪೂರ್ತಿ ಲಕ್ಷವನ್ನೇ ಕೆತ್ತಲಾಯಿತು. ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರಾಚಾರ್ಯರು ದಾತೃವಿನ ಏಳು ಗುಣಗಳನ್ನು ಎಣಿಸುವಾಗ ಇಹಲೋಕದ ಫಲವನ್ನು ಬಯಸದಿರುವುದನ್ನು ಮೊದಲು ಇಟ್ಟಿದ್ದಾರೆ. ಅವರ ಮನಸ್ಸಿನಲ್ಲಿದ್ದ ಫಲವು ಕೀರ್ತಿಯೋ ಪ್ರತ್ಯುಪಕಾರವೋ ಇರಬಹುದು. ದಾನದ ಹಣದಿಂದಲೇ ಕಡಿದುಕೊಂಡ ವಿಹಾರದ ಟಿಕೆಟು ಅದಕ್ಕಿಂತ ಸೂಕ್ಷ್ಮವಾದುದೇನಲ್ಲ. ಪರಿಹಾರ ಕಠಿಣವೂ ಅಲ್ಲ. ಚೆಕ್ಕು, ಬ್ಯಾಂಕ್ ವರ್ಗಾವಣೆ, ಖಾತೆಯ ಯುಪಿಐ ಇವುಗಳಿಂದ ಕೊಟ್ಟರೆ ಟ್ರಸ್ಟಿಗೆ ಇಂತಹ ಕಡಿತವಿಲ್ಲ. ಟ್ರಸ್ಟಿಗೆ 80ಜಿ ಮಾನ್ಯತೆಯಿದ್ದರೆ ತೆರಿಗೆಯ ರಿಯಾಯಿತಿಗೂ ಅಡ್ಡಿಯಿಲ್ಲ. ದಾನ ಸ್ವೀಕರಿಸುವ ಕಡೆ ಕ್ರೆಡಿಟ್ ಕಾರ್ಡಿನ ಏರ್ಪಾಡನ್ನು ತೆಗೆದುಹಾಕಲು ಟ್ರಸ್ಟುಗಳು ಹಿಂಜರಿಯಬೇಕಾಗಿಲ್ಲ. ದಾನ ಕಡಿಮೆಯಾದೀತೆಂಬ ಭಯವಿದ್ದರೆ, ಶುಲ್ಕವನ್ನೂ ದಾನಿಯೇ ಸೇರಿಸಿ ಕೊಡುವಂತೆ ಕೇಳಬಹುದು.

ವಿಶ್ವಸ್ತರ ವಿಷಯ ಇನ್ನೂ ಸ್ಪಷ್ಟ. ಊರ ಬಸದಿಯ ಮೇಲ್ಛಾವಣಿಗೆ ಬೇಕಾದ ಸಿಮೆಂಟು, ಕಬ್ಬಿಣ, ಕಲ್ಲನ್ನು ಕೋಶಾಧ್ಯಕ್ಷರು ಆಳಂದದಲ್ಲಿಯೋ ಕಲಬುರಗಿಯಲ್ಲಿಯೋ ತಮ್ಮ ಸ್ವಂತ ಕಾರ್ಡಿನಿಂದ ಕೊಂಡು, ರಸೀದಿ ಒಪ್ಪಿಸಿ, ಟ್ರಸ್ಟಿನಿಂದ ಹಣ ಪಡೆದುಕೊಳ್ಳುತ್ತಾರೆ. ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ. ಲೆಕ್ಕಪರಿಶೋಧಕರಿಗೆ ಹೇಳಲು ಏನೂ ಇಲ್ಲ. ಆದರೆ ಆ ಖರ್ಚಿನ ಪಾಯಿಂಟುಗಳು ಅವರ ಖಾತೆಯಲ್ಲಿವೆ. ತಿಂಗಳ ಮಟ್ಟಿಗೆ ಹಣ ಹೊಂದಿಸಿದವನು ನಾನು, ಓಡಾಡಿದವನು ನಾನು ಎಂದು ಅವರು ಹೇಳಬಹುದು. ಹಣ ಹೊಂದಿಸಿದ್ದು ಬ್ಯಾಂಕು. ಓಡಾಟ ನಿಜವಾಗಿಯೂ ಅವರದು, ಅದಕ್ಕೆ ಸಮಾಜವು ಋಣಿ. ಆ ಋಣಕ್ಕೆ ಗೌರವಧನವನ್ನು ಸಭೆಯಲ್ಲಿ ಗೊತ್ತುಮಾಡಿ ಬಹಿರಂಗವಾಗಿ ಕೊಡುವುದಕ್ಕೂ, ಅವರೇ ಯಾರಿಗೂ ತಿಳಿಯದಂತೆ ತೆಗೆದುಕೊಳ್ಳುವುದಕ್ಕೂ ಅಂತರವಿದೆ. ಬ್ಯಾಂಕು ಅವರಿಗೆ ಕೊಟ್ಟಿತು, ಸರಿ; ಬಸದಿ ಕೊಟ್ಟಿತೇ? ದೇವದ್ರವ್ಯದಿಂದ ಹುಟ್ಟಿದ ಕೊಸರು ದೇವದ್ರವ್ಯವೇ. ನಿರ್ಮಾಲ್ಯದ ಅಕ್ಕಿಯ ಒಂದು ಕಾಳನ್ನೂ ಮನೆಗೆ ಒಯ್ಯದ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬಾರದಿರಬೇಕಾಗಿತ್ತು. ಪಾಯಿಂಟು ಕಣ್ಣಿಗೆ ಕಾಣದು, ಕೈಗೆ ಸಿಗದು ಎಂಬ ಒಂದೇ ಕಾರಣದಿಂದ ಹೇಳಬೇಕಾಗಿದೆ. ಅನೇಕ ಬ್ಯಾಂಕುಗಳು ಪಾಯಿಂಟುಗಳನ್ನು ರೂಪಾಯಿಗೆ ಪರಿವರ್ತಿಸಿ ಬಾಕಿಯಿಂದ ಕಳೆಯುತ್ತವೆ. ಹಾಗೆ ಕಳೆದ ಮೊತ್ತವನ್ನು ಭಂಡಾರಕ್ಕೆ ಜಮಾ ಮಾಡಿ ವಾರ್ಷಿಕ ಲೆಕ್ಕದಲ್ಲಿ ಒಂದು ಸಾಲು ತೋರಿಸಿದರೆ ಮುಗಿಯಿತು.

ಕೊನೆಯದಾಗಿ ಯಾತ್ರಾಸಂಘಗಳ ಮಾತು. ಕುಂಥಲಗಿರಿಗೆ ಬಸ್ಸು ಮಾಡುವಾಗ ಈ ಪ್ರಶ್ನೆ ಸಣ್ಣದು. ಸಮ್ಮೇದಶಿಖರಜಿಗೆ 50 ಜನರನ್ನು ಕರೆದೊಯ್ಯುವಾಗ ಸಣ್ಣದಲ್ಲ. ಯಾತ್ರಿಕರು ತಲಾ 6,000ದಂತೆ ಸಂಚಾಲಕರಿಗೆ ಕೊಟ್ಟ 3,00,000 ರೂಪಾಯಿಯು ಸಂಚಾಲಕರ ಕಾರ್ಡಿನ ಮೂಲಕ ರೈಲಿಗೂ ವಸತಿಗೂ ಹೋದರೆ, ನೂರಕ್ಕೆ ಒಂದರ ಲೆಕ್ಕದಲ್ಲಿ 3,000 ರೂಪಾಯಿಯ ಪಾಯಿಂಟು ಉಳಿಯುತ್ತದೆ. ಒಬ್ಬ ಯಾತ್ರಿಕನಿಗೆ 60 ರೂಪಾಯಿ. ಗೃಹಸ್ಥನ ಗುಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಹೇಳಿದ ಆಶಾಧರ ಪಂಡಿತರ ‘ಸಾಗಾರಧರ್ಮಾಮೃತ’ವನ್ನು ಸ್ವಾಧ್ಯಾಯದಲ್ಲಿ ಓದುವ ಸಂಚಾಲಕರು, ಪ್ರತಿಯೊಬ್ಬರ ಕೈಯಿಂದ 60 ರೂಪಾಯಿಯನ್ನು ನಗದಾಗಿ ಹಿಡಿದಿಟ್ಟುಕೊಳ್ಳಲು ಒಪ್ಪಲಾರರು. ಹೊರಡುವ ಮುನ್ನ, ಊಟದ ಬುತ್ತಿ ಮತ್ತು ಹಾಸಿಗೆಯ ಸೂಚನೆಗಳನ್ನು ಹೇಳುವಾಗಲೇ, ಇಷ್ಟು ಪಾಯಿಂಟು ಬರಲಿದೆ, ಅದನ್ನು ಏನು ಮಾಡೋಣ ಎಂದು ಯಾತ್ರಿಕರನ್ನು ಕೇಳಬಹುದು. ಬಹುಶಃ ಅವರು ನೀವೇ ಇಟ್ಟುಕೊಳ್ಳಿರಿ ಎಂದಾರು. ಆಗ ಅದು ಕೊಟ್ಟ ಕೊಸರಾಗುತ್ತದೆ. ಕ್ಷೇತ್ರದ ಆಹಾರದಾನಕ್ಕೆ ಕೊಡೋಣ ಎಂದರೆ ಶಿಖರಜಿಯ ತಪ್ಪಲಿನ ಮಧುವನದಲ್ಲಿಯೇ ರಸೀದಿ ಪಡೆಯಬಹುದು.