ಯಾರ ಹಗೇವು, ಯಾರ ಜೋಳ

ವಿಶ್ವವಿದ್ಯಾಲಯದಲ್ಲಿ ಮಾಹಿತಿ ಭದ್ರತೆ ಓದುತ್ತಿದ್ದೇನೆ ಎಂದರೆ ನಮ್ಮ ದೇವಿಕೊಪ್ಪದಲ್ಲಿ ಮೊದಲು ಎದುರಾಗುವ ಪ್ರಶ್ನೆ: ‘ಅಂದ್ರ, ಕಳವು ಮಾಡೂದು ಕಲಿಸ್ತಾರೇನು?’ ನಗುತ್ತಲೇ ಕೇಳುತ್ತಾರೆ, ಆದರೆ ನಕ್ಕು ಬಿಡುವ ಪ್ರಶ್ನೆಯಲ್ಲ. ಏಕೆಂದರೆ ಉತ್ತರ ‘ಹೌದು’. ಪಾಸ್‌ವರ್ಡ್ ಮುರಿಯುವುದು ಹೇಗೆ, ಜಾಲತಾಣದೊಳಗೆ ನುಸುಳುವುದು ಹೇಗೆ, ನಂಬಿಸಿ ಮೋಸ ಮಾಡುವ ಸಂದೇಶ ಬರೆಯುವುದು ಹೇಗೆ, ಎಲ್ಲವೂ ಪಠ್ಯದಲ್ಲೇ ಇದೆ. ಕಳ್ಳನ ದಾರಿ ತಿಳಿಯದವನು ಕಾವಲು ಕಾಯಲಾರ ಎಂಬುದು ಇದಕ್ಕೆ ಕೊಡುವ ಸಮರ್ಥನೆ.

ಈ ವಾದಕ್ಕೆ ವಯಸ್ಸಾಗಿದೆ. 1851ರಲ್ಲಿ, ಲಂಡನ್ನಿನ ಮಹಾಪ್ರದರ್ಶನದ ದಿನಗಳಲ್ಲಿ, ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞ, ಯಾರಿಂದಲೂ ತೆರೆಯಲಾಗದು ಎಂದು ಹೆಸರಾಗಿದ್ದ ಬ್ರಾಮಾ ಬೀಗವನ್ನು ಕೀಲಿಕೈ ಇಲ್ಲದೆ ತೆರೆದು ತೋರಿಸಿದ. ಇಂಥ ವಿದ್ಯೆಯನ್ನು ಬಹಿರಂಗವಾಗಿ ಚರ್ಚಿಸಬಹುದೇ ಎಂಬ ಗದ್ದಲ ಆಗಲೇ ಎದ್ದಿತ್ತು. 1883ರಲ್ಲಿ ಆಗುಸ್ಟ್ ಕೆರ್ಕ್‌ಹಾಫ್ಸ್ ಗುಪ್ತಲಿಪಿಗೆ ಒಂದು ನಿಯಮ ಹೇಳಿದ: ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು. ಬೀಗದ ರಚನೆ ಊರಿಗೆಲ್ಲ ಗೊತ್ತಿದ್ದರೂ ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕು.

ಕುಡುಗೋಲು ಬೆಳೆಯನ್ನೂ ಕೊಯ್ಯುತ್ತದೆ, ಕುತ್ತಿಗೆಯನ್ನೂ ಕೊಯ್ಯುತ್ತದೆ, ತಪ್ಪು ಕುಡುಗೋಲಿನದಲ್ಲ ಎಂದು ಇಲ್ಲಿಗೇ ಚರ್ಚೆ ಮುಗಿಸುವವರಿದ್ದಾರೆ. ನನಗೆ ಅಷ್ಟು ಸಾಲದು. ವಿದ್ಯೆಯನ್ನು ಕೆಟ್ಟದ್ದಕ್ಕೆ ಬಳಸಬಾರದು ಎನ್ನುವುದು ಸುಲಭ. ಕಷ್ಟದ ಪ್ರಶ್ನೆ ಬೇರೆ: ಬೀಗ ಸಡಿಲಾಗಿದೆ ಎಂದು ಕಂಡ ಮೇಲೆ, ಕಂಡವನ ಹೊಣೆ ಯಾರ ಕಡೆಗೆ?

2023ರಲ್ಲಿ ಬೆಂಗಳೂರು, ಮಂಗಳೂರು ಮೊದಲಾದ ಕಡೆ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಕೊಂಡಿಯನ್ನೂ ಒತ್ತಿರಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ಆಸ್ತಿ ಪತ್ರ ನೋಂದಾಯಿಸಿ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ತೆಗೆದುಕೊಂಡಿದ್ದರು ಎಂಬುದು ಪೊಲೀಸ್ ತನಿಖೆಯಲ್ಲಿ ಹೊರಬಂತು. ಆಧಾರ್ ಆಧಾರಿತ ಪಾವತಿಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚುವ ಕ್ರಮ ಬಂತು.

ಹಾಗಾದರೆ ಆ ಪಾವತಿಯನ್ನೇ ನಿಲ್ಲಿಸಬೇಕೇ? ದೇವಿಕೊಪ್ಪದಂಥ ಊರಿನಿಂದ ನೋಡಿದರೆ ಹಾಗೆ ಅನ್ನುವುದು ಸುಲಭವಲ್ಲ. ಪಿಂಚಣಿ ಬಿಡಿಸಲು ಮುದುಕಿಯೊಬ್ಬಳು ಬಸ್ಸು ಹತ್ತಿ ಕಲಘಟಗಿಗೆ ಹೋಗುವುದನ್ನು ತಪ್ಪಿಸುವುದು ಬ್ಯಾಂಕ್ ಮಿತ್ರನ ಕೈಯಲ್ಲಿರುವ ಅದೇ ಸಣ್ಣ ಯಂತ್ರ. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಡುವ ಸೌಲಭ್ಯವೇನೋ ಇದೆ. ಆದರೆ ಬೀಗ ತೆಗೆಯದೆ ರೇಷನ್ ಅಂಗಡಿಯಲ್ಲಿ ಬೆರಳು ಕೊಡಲು ಬರುವುದಿಲ್ಲ, ತೆಗೆಯಲು ಮೊಬೈಲ್ ಬಳಸಲು ಬರಬೇಕು. ಓದು ಬಾರದವನನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುತ್ತಿದ್ದ ನಾಡಿನಲ್ಲಿ ಈಗ ಓದಿದವನದೂ ಓದದವನದೂ ಒಂದೇ ಹೆಬ್ಬೆಟ್ಟು. ಕಳೆದುಕೊಂಡಾಗ ಮಾತ್ರ ಇಬ್ಬರೂ ಒಂದೇ ಅಲ್ಲ.

ನಮ್ಮ ಕ್ಷೇತ್ರದಲ್ಲಿ ಪದೇ ಪದೇ ಕೇಳುವ ಮಾತೊಂದಿದೆ: ಸರಪಳಿಯ ಅತ್ಯಂತ ದುರ್ಬಲ ಕೊಂಡಿ ಮನುಷ್ಯನೇ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಬೆರಳಚ್ಚನ್ನು ಎಲ್ಲಿ ಇಡಬೇಕು, ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸಿದವರು ಬೇರೆ, ನಷ್ಟ ಹೊತ್ತವರು ಬೇರೆ. ಇಂಥ ಕಡೆ ವ್ಯವಸ್ಥೆಗಳು ಕೆಡುತ್ತವೆ ಎಂದು ಕೇಂಬ್ರಿಜ್‌ನ ರಾಸ್ ಆಂಡರ್ಸನ್ 2001ರಲ್ಲೇ ವಾದಿಸಿದ್ದರು. ಕಾಯಬೇಕಾದವನು ನಷ್ಟ ಹೊರದಿದ್ದರೆ ಕಾವಲು ಸಡಿಲಾಗುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಡೆ ಇದ್ದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಹೊಣೆಯಿಲ್ಲ. ನ್ಯಾಯವಾದ ನಿಯಮವೇ. ಆದರೆ ಆ ಸಂದೇಶವನ್ನು ಓದಿ ಹೇಳಬೇಕಾದ ಮೊಮ್ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದರೆ ಮೂರು ದಿನ ಬಹಳ ಬೇಗ ಕಳೆದುಹೋಗುತ್ತವೆ.

ಈಗ ಕಂಡವನ ವಿಷಯ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಂತೆ, ಒಡೆಯನ ಅಥವಾ ಉಸ್ತುವಾರಿಯವನ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕವನು ಪರಿಹಾರ ಕೊಡಬೇಕಾಗುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಅನುಮತಿಯೇ ಗೆರೆ. ಆದರೆ ಒಡೆಯ ಯಾರು? ಧಾರವಾಡ ಸೀಮೆಯಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಒಬ್ಬರ ಹಗೇವಿನಲ್ಲಿ ಓಣಿಯವರೆಲ್ಲರ ಜೋಳವಿದೆ, ಅದರ ಬಾಯಿಯ ಹತ್ತಿರ ನೀರು ಇಳಿಯುತ್ತಿರುವುದು ದಾರಿಹೋಕನಿಗೆ ಕಂಡಿದೆ ಎಂದುಕೊಳ್ಳಿ. ಹಗೇವು ಒಬ್ಬನದು, ಜೋಳ ಓಣಿಯವರದು. ಅವನು ಮುಚ್ಚಳ ತೆಗೆದು ಒಳಗಿಳಿಯಬಹುದೇ?

ಇಳಿಯಬಾರದು ಎಂಬುದು ನನ್ನ ನಿಲುವು. ಒಳ್ಳೆಯ ಉದ್ದೇಶ ಇಳಿದವನ ಮನಸ್ಸಿನಲ್ಲಷ್ಟೇ ಇರುತ್ತದೆ. ಜೋಳದವರಿಗೆ ಕಾಣುವುದು ತಮ್ಮ ಹಗೇವಿನಲ್ಲಿ ಅಪರಿಚಿತನ ಹೆಜ್ಜೆ ಮಾತ್ರ. ಆದರೆ ಕಂಡದ್ದನ್ನು ಹೇಳಲೇಬೇಕು. ಮೊದಲು ಒಡೆಯನಿಗೆ; ಅವನು ಕಿವಿಗೊಡದಿದ್ದರೆ ನಾಡಿನ ಕಾವಲಿನವರಿಗೆ, ಈ ಕ್ಷೇತ್ರದಲ್ಲಾದರೆ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ. ಸರಿಪಡಿಸಲು ಸಾಕಷ್ಟು ಸಮಯ ಕೊಟ್ಟ ಮೇಲೂ ಯಾರೂ ಅಲುಗಾಡದಿದ್ದರೆ ಜೋಳದ ಒಡೆಯರಿಗೆ. ಅವರಿಗೂ ತೂತಿನ ಜಾಗವನ್ನಲ್ಲ, ಅಪಾಯವನ್ನು ಹೇಳಬೇಕು.

ಇದಕ್ಕೆ ಬೆಲೆ ಇದೆ. ಒಳಗಿಳಿಯದೆ ಕಾಣದ ತೂತುಗಳು ಒಳ್ಳೆಯವರಿಗೆ ಕಾಣದೇ ಉಳಿಯುತ್ತವೆ, ಕಳ್ಳ ಅನುಮತಿಗೆ ಕಾಯುವುದಿಲ್ಲ. ಆ ಬೆಲೆಯನ್ನು ಇಳಿಸುವ ಕೆಲಸ ಹಗೇವಿನ ಒಡೆಯನದು: ‘ಬಂದು ನೋಡಿ, ತಪ್ಪಿದ್ದರೆ ತಿಳಿಸಿ’ ಎಂದು ಅವನೇ ಕರೆಯಬೇಕು. ಬೇರೆಯವರ ಜೋಳವನ್ನು ಇಟ್ಟುಕೊಂಡವನಿಗೆ ಪರೀಕ್ಷೆ ಬೇಡ ಎನ್ನುವ ಹಕ್ಕಿಲ್ಲ.

ಪಾಸ್‌ವರ್ಡ್ ಕಳುವಾದರೆ ಹೊಸದು ಇಟ್ಟುಕೊಳ್ಳಬಹುದು. ಮನುಷ್ಯನಿಗಿರುವ ಬೆರಳು ಹತ್ತೇ. ಗದ್ದೆ ಕೆಲಸದವರ ಕೈಯಲ್ಲಿ ಅವುಗಳ ಗೆರೆಯೂ ಸವೆಯುತ್ತದೆ. ಬದಲಿಸಲಾಗದ್ದನ್ನು ಜನರಿಂದ ಕೇಳಿ ಪಡೆದವರು, ಬದಲಿಸಬಹುದಾದದ್ದನ್ನು ಪಡೆದವರಿಗಿಂತ ಹೆಚ್ಚಿನ ಋಣದಲ್ಲಿದ್ದಾರೆ.