ತಾಯಿತಂದೆಯರ ದೀರ್ಘರೋಗವೂ ಮಕ್ಕಳ ಪ್ರಶ್ನೆಯೂ

ಬಂದು ಹೋಗುವ ರೋಗಗಳ ವಿಷಯದಲ್ಲಿ ಮಕ್ಕಳಿಗೆ ಏನು ಹೇಳಬೇಕೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ತಂದೆಗೆ ಜ್ವರ ಬಂದಿತು, ಗಂಜಿ ಕುಡಿದು ಮಲಗಿದನು, ನಾಲ್ಕು ದಿನಕ್ಕೆ ಎದ್ದನು; ಮಗು ಅದನ್ನು ನೋಡಿಯೇ ತಿಳಿಯುತ್ತದೆ. ಬಂದು ಮನೆಯಲ್ಲೇ ನೆಲಸಿಬಿಡುವ ರೋಗದ ಮಾತು ಬೇರೆ. ಮಜ್ಜೆಯಲ್ಲಿ ಹುಟ್ಟುವ ದೀರ್ಘಕಾಲಿಕ ಲ್ಯುಕೀಮಿಯಾ ಅಂಥದು. ಪಶ್ಚಿಮ ದೇಶಗಳಲ್ಲಿ ಅದು ಹೆಚ್ಚಾಗಿ ಮುಪ್ಪಿನ ಹೊಸ್ತಿಲಲ್ಲಿ ಕಾಣಿಸಿಕೊಂಡರೆ, ಭಾರತದಲ್ಲಿ ಅದಕ್ಕಿಂತ ಕಿರಿಯರಲ್ಲಿ, ಮನೆಯಲ್ಲಿ ಮಗ್ಗಿ ಕಲಿಯುವ ಮಕ್ಕಳಿರುವ ವಯಸ್ಸಿನವರಲ್ಲಿಯೂ ಬಹಳವಾಗಿ ಕಾಣುತ್ತದೆ.

1960ರಲ್ಲಿ ಫಿಲಡೆಲ್ಫಿಯ ನಗರದ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದೇ ಇದರ ಮೂಲವೆಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿಕೊಟ್ಟರು. ಆ ಕೆಡುಕನ್ನೇ ಗುರಿಯಿಟ್ಟ ಇಮ್ಯಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2013ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ಒಂದು ರೂಪಕ್ಕೆ ಪೇಟೆಂಟನ್ನು ನಿರಾಕರಿಸಿದುದರಿಂದ, ದೇಶೀಯ ಕಂಪೆನಿಗಳ ಅಗ್ಗದ ಮಾತ್ರೆಗೆ ಅಡ್ಡಿಯಾಗಲಿಲ್ಲ. ಮದ್ದಿಗೆ ದೇಹ ಒಲಿದು, ನಿತ್ಯವೂ ತಪ್ಪದೆ ನುಂಗುವವರು ಇಂದು ಹೆಚ್ಚುಕಡಮೆ ಇತರರಷ್ಟೇ ಕಾಲ ಬಾಳುತ್ತಾರೆ. ಸಾಯಲು ಹೊರಟವರು ಅವರಲ್ಲ. ಪೂರ್ಣ ಗುಣವಾದೆವೆಂದು ನಿಶ್ಚಿಂತರಾಗಿರತಕ್ಕವರೂ ಅಲ್ಲ. ಈ ನಡುವಿನ ಸ್ಥಿತಿಯನ್ನು ಆರು ವರ್ಷದ ಮಗುವಿಗೆ ಯಾವ ಮಾತಿನಲ್ಲಿ ಹೇಳುವುದು?

ಹೇಳಲೇಬಾರದೆಂದು ಹಿರಿಯರು ಅನೇಕರು ಅನ್ನುವರು. ಎಳೆಯ ಮನಸ್ಸಿಗೆ ಏಕೆ ಆ ಭಾರ ಎಂಬುದು ಅವರ ವಾದ. ಪ್ರೀತಿಯಿಂದ ಬಂದ ಮಾತೇ ಸರಿ. ಆದರೆ ಹೇಳದಿದ್ದರೆ ಮಗುವಿಗೆ ತಿಳಿಯುವುದಿಲ್ಲವೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಕಠೋಪನಿಷತ್ತಿನ ನಚಿಕೇತನು ಬಾಲಕ. ತಂದೆ ದಾನ ಕೊಡುತ್ತಿದ್ದ ಹಸುಗಳು ಬತ್ತಿದವೆಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ಅವನೇ ಕಂಡನು, ಕೇಳಿದನು, ಮತ್ತೆ ಮತ್ತೆ ಕೇಳಿದನು. ತಂದೆಗೆ ಬಂದ ಸಿಟ್ಟು ಪ್ರಶ್ನೆಯ ಮೇಲಿನದೇ ಹೊರತು ಸುಳ್ಳಿನ ಮೇಲಿನದಲ್ಲ. ಇಲ್ಲಿಯೂ ಹಾಗೆಯೇ. ಈ ಮಾತ್ರೆಯಿಂದ ಕೆಲವರಿಗೆ ಕಣ್ಣಿನ ಸುತ್ತ ಬಾವು ಬರುತ್ತದೆ. ಬೆಳಿಗ್ಗೆ ತಾಯಿಯ ಊದಿದ ಕಣ್ಣನ್ನು ಕಂಡ ಮಗು, ಅಮ್ಮ ರಾತ್ರಿಯೆಲ್ಲ ಅತ್ತಿದ್ದಾಳೆಂದು ತಿಳಿಯುವುದು ಸಹಜ. ತನ್ನ ತಂಟೆಯೇ ಕಾರಣವೆಂದು ಮುಂದುವರಿಯುವುದೂ ಸಹಜ. ಭಾರವನ್ನು ತಪ್ಪಿಸಲು ಹೋಗಿ ಅದಕ್ಕಿಂತ ದೊಡ್ಡ ಭಾರವನ್ನು ಹೊರಿಸಿದಂತಾಯಿತಲ್ಲವೆ?

ಹಾಗೆಂದು ವರ್ಣತಂತುವಿನ ಕಥೆಯನ್ನೆಲ್ಲ ಮಗುವಿನ ಮುಂದೆ ಸುರಿಯಬೇಕಾಗಿಲ್ಲ. ರಕ್ತದಲ್ಲಿ ಒಂದು ರೋಗವಿದೆ. ಅದು ಯಾರ ತಪ್ಪಿನಿಂದಲೂ ಬಂದುದಲ್ಲ. ಮುಟ್ಟಿದರೆ ಅಂಟುವುದಿಲ್ಲ, ಹೆತ್ತವರಿಂದ ಮಕ್ಕಳಿಗೆ ಇಳಿಯುವುದೂ ಇಲ್ಲ. ಅದನ್ನು ಹಿಡಿದಿಡುವುದಕ್ಕೆ ಈ ಮಾತ್ರೆ. ಇಷ್ಟೂ ನಿಜ, ಇಷ್ಟೂ ಮಗುವಿಗೆ ಅರಗುವಂಥದು. ಊಟದೊಡನೆ ದೊಡ್ಡ ಲೋಟದ ನೀರಿನಲ್ಲಿ ನುಂಗುವ ಮಾತ್ರೆಯನ್ನು ಕೋಣೆಯ ಬಾಗಿಲು ಹಾಕಿಕೊಂಡು ನುಂಗುವುದೇಕೆ?

ಕಷ್ಟವಿರುವುದು ಇನ್ನೊಂದು ಪ್ರಶ್ನೆಯಲ್ಲಿ: ‘ಅಪ್ಪಾ, ನೀನು ಸಾಯುತ್ತೀಯಾ?’ ಇಲ್ಲವೆಂದರೆ ಅಸತ್ಯ, ಹೌದೆಂದರೆ ಕ್ರೌರ್ಯ. ಆದರೆ ಆರೋಗ್ಯವಂತ ತಂದೆಯ ‘ಇಲ್ಲ’ವೂ ಅಷ್ಟೇ ಅಸತ್ಯವೆಂಬುದನ್ನು ಮರೆಯಬಾರದು. ಅವನು ಧೈರ್ಯವಾಗಿ ಹೇಳುತ್ತಾನೆ, ಯೋಚಿಸಿಲ್ಲದ ಕಾರಣ. ರೋಗಿ ಯೋಚಿಸಿದ್ದಾನೆ. ಆದುದರಿಂದ ಅವನು ‘ಬಹುಕಾಲ ನಿನ್ನೊಡನೆ ಇರುವೆನೆಂದು ವೈದ್ಯರ ನಂಬಿಕೆ, ನನ್ನದೂ ಅದೇ, ಬೇರೆಯೇನಾದರೂ ತಿಳಿದರೆ ನಿನಗೆ ಹೇಳುತ್ತೇನೆ’ ಎನ್ನಬಲ್ಲನು. ಆ ಕೊನೆಯ ಮಾತನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಚಿಕ್ಕದಲ್ಲ.

ಮೌನಕ್ಕಿಂತ ಸೂಕ್ಷ್ಮವಾದ ದೋಷ ಒಂದುಂಟು. ಕಾಲ ಕಡಮೆಯೆಂಬ ಅಂಜಿಕೆಯಿಂದ ಕೆಲವರು ಪ್ರತಿ ಊಟವನ್ನೂ ಹಬ್ಬ ಮಾಡಹೊರಡುತ್ತಾರೆ. ಹತ್ತು ವರ್ಷದ ಬುದ್ಧಿವಾದವನ್ನು ಒಂದೇ ಸಂಜೆ ಹೇಳುತ್ತಾರೆ. ತಪ್ಪು ಮಾಡಿದ ಮಗನನ್ನು ಗದರಿಸಲಾರದೆ ಅವನ ಮುಖವನ್ನೇ ನೋಡುತ್ತ ಕೂರುತ್ತಾರೆ. ಆ ನೋಟವನ್ನು ಮಕ್ಕಳು ಸಹಿಸಲಾರರು. ಅವರಿಗೆ ಬೇಕಾದುದು ಲೆಕ್ಕ ತಪ್ಪಿದಾಗ ಗದರಿಸಿ, ಗಳಿಗೆಯಲ್ಲಿ ಮರೆತು, ಆಯಾಸವಾದ ದಿನ ‘ಇವತ್ತು ನನಗೆ ಆಗದು, ನೀವೇ ಆಡಿಕೊಳ್ಳಿ’ ಎಂದು ಗೋಡೆಗೊರಗುವ ತಂದೆ. ಮಕ್ಕಳು ಸ್ವಲ್ಪ ಗೊಣಗಿ, ಅಂಗಳಕ್ಕೆ ಓಡುತ್ತವೆ.